ಮೈಲುತುತ್ತದ ಅಂಟು

ಮೈದಾ ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕಬೇಕು. ಇಲ್ಲದಿದ್ದರೆ ರಾತ್ರಿ ಗೋಡೆಗೆ ಹಚ್ಚಿದ ಪೋಸ್ಟರನ್ನು ಬೆಳಗಾಗುವಷ್ಟರಲ್ಲಿ ಬೀದಿ ದನಗಳು ಹರಿದು ತಿಂದಿರುತ್ತವೆ. ರೈತ ಚಳವಳಿಯಲ್ಲಿ ನಾನು ಕಲಿತ ಮೊದಲ ಪಾಠ ಇದು. ಕಲಿಸಿದ್ದು ನಾಯಕರಲ್ಲ, ಶಿವಮೊಗ್ಗದ ಹತ್ತಿರದ ತೋಟದ ಮನೆಯ ಗೆಳೆಯನ ಅಮ್ಮ. ಅಡಿಕೆ ಕೊಳೆಗೆ ಹೊಡೆಯಲು ತಂದಿದ್ದ ಮೈಲುತುತ್ತದಲ್ಲಿ ಒಂದಿಷ್ಟು ಪೊಟ್ಟಣ ಕಟ್ಟಿ ಕೊಟ್ಟು, "ಕೈ ತೊಳ್ಕೊಂಡು ಊಟಕ್ಕೆ ಕೂತ್ಕೊಳ್ರೋ, ವಿಷ ಅದು" ಅಂದಿದ್ದರು.

1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಅದರ ಕರ ಬಂದಿತ್ತು ಎಂಬುದು ಅಲ್ಲಿನ ರೈತರ ಸಿಟ್ಟು. ಆ ಸಿಟ್ಟು ನಮ್ಮೂರಿಗೂ ಬಂತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಓಡಾಡಿ ರೈತ ಸಂಘ ಕಟ್ಟಿದರು, ಎಂ.ಡಿ. ನಂಜುಂಡಸ್ವಾಮಿ ಅದಕ್ಕೆ ಚೂಪು ಮಾತು ಕೊಟ್ಟರು. ನಾವು ಹುಡುಗರು ಅಂಟು ಬಕೆಟ್ಟು ಹೊತ್ತೆವು.

ಸಂಘದವರು ಹೊದ್ದ ಹಸಿರು ಶಾಲಿನ ವಿಚಾರ ಹೇಳಬೇಕು. ಅದಕ್ಕೆ ಮುಂಚೆ ರೈತ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತುವಾಗ ಹೆಗಲ ಮೇಲಿನ ಟವೆಲ್ಲು ತಾನಾಗಿಯೇ ಕಂಕುಳಿಗೆ ಇಳಿಯುತ್ತಿತ್ತು. ಯಾರೂ ಇಳಿಸು ಅನ್ನುತ್ತಿರಲಿಲ್ಲ, ಅಪ್ಪ ಇಳಿಸುತ್ತಿದ್ದ, ಮಗನೂ ಇಳಿಸುತ್ತಿದ್ದ. ಹಸಿರು ಶಾಲು ಮಾತ್ರ ಸಾಹೇಬರ ಮೇಜಿನ ಮುಂದೆಯೂ ಹೆಗಲ ಮೇಲೇ ನಿಂತಿತು. ಊರ ಬಾಗಿಲಲ್ಲಿ, ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದು ಎಂಬ ಬೋರ್ಡುಗಳು ಎದ್ದವು. ಸಾಲಕ್ಕೆಂದು ಜಪ್ತಿ ಮಾಡಿ ಒಯ್ದ ಸಾಮಾನನ್ನು ಊರವರೇ ಹೋಗಿ ಮರುಜಪ್ತಿ ಮಾಡಿ ತಂದರು. ಇಷ್ಟೆಲ್ಲ ಆದರೂ, ನನ್ನನ್ನು ಕೇಳಿದರೆ, ದೊಡ್ಡ ಘಟನೆ ಆ ಟವೆಲ್ಲಿನದೇ.

ಬಂಧನ ಅಂದರೆ ನಮಗೊಂದು ಜಾತ್ರೆ. ಬಸ್ಸಿಗೆ ತುಂಬಿ ಪೊಲೀಸ್ ಮೈದಾನಕ್ಕೆ ಒಯ್ಯುತ್ತಿದ್ದರು, ಸಂಜೆಗೆ ಬಿಡುತ್ತಿದ್ದರು. ಮಧ್ಯೆ ಉಪ್ಪಿಟ್ಟು, ಹಾಡು, ಜಗಳ. 1951ರ ಕಾಗೋಡು ಸತ್ಯಾಗ್ರಹ ಕಂಡ ಹಿರಿಯರು ಮರದಡಿ ಕೂತು, ಗೇಣಿದಾರರು ನೇಗಿಲು ಹಿಡಿದು ಗದ್ದೆಗೆ ಇಳಿದೇ ಬಂಧನಕ್ಕೊಳಗಾದ ಕತೆ ಹೇಳುತ್ತಿದ್ದರು. ಭತ್ತ ಅಳೆಯುವ ಕೊಳಗದ ಗಾತ್ರಕ್ಕೆ ಶುರುವಾದ ಜಗಳ, ಸಮಾಜವಾದಿ ನಾಯಕ ಲೋಹಿಯಾ ಬಂದು ಸೆರೆಯಾಗುವವರೆಗೆ ಬೆಳೆದ ಕತೆ. ಒಮ್ಮೆ ಹೆಸರು ಬರೆದುಕೊಳ್ಳಲು ಬಂದ ದಫೇದಾರರಿಗೆ ನಾವೆಲ್ಲ ಸಾಲಾಗಿ ತಂದೆಯ ಹೆಸರು ಬಸವಣ್ಣ ಎಂದೇ ಬರೆಸಿದೆವು. ಎಂಟನೆಯವನಿಗೆ ಅವರು ಪೆನ್ನು ಕೆಳಗಿಟ್ಟರು. "ಎಷ್ಟು ಜನರಯ್ಯ ನೀವು ಅಣ್ಣತಮ್ಮಂದಿರು?" ಅವರ ಊರಲ್ಲೂ ಎರಡು ಎಕರೆ ಇತ್ತು, ಸಾಲವೂ ಇತ್ತು.

ಬಹಳ ವರ್ಷಗಳ ಮೇಲೆ ವಿಕ್ಟರ್ ಟರ್ನರ್ ಎಂಬ ಮಾನವಶಾಸ್ತ್ರಜ್ಞರ ಪುಸ್ತಕ ಓದಿದೆ. ಜಾಂಬಿಯಾದ ನ್ದೆಂಬು ಜನರ ಆಚರಣೆಗಳನ್ನು ನೋಡಿ ಬರೆದವರು. ಆಚರಣೆಯ ನಡುವಿನ ಹೊತ್ತಿನಲ್ಲಿ ಮೇಲು ಕೀಳು ಕಳಚಿ ಬಿದ್ದು ಎಲ್ಲರೂ ಒಂದಾಗುತ್ತಾರೆ, ಅದಕ್ಕೆ ಕಮ್ಯುನಿಟಾಸ್ ಎನ್ನಬಹುದು ಅನ್ನುತ್ತಾರೆ. ಓದುತ್ತ ನನಗೆ ಆ ಮೈದಾನ, ಆ ಉಪ್ಪಿಟ್ಟೇ ಕಣ್ಣ ಮುಂದೆ ಬಂತು. ಆದರೆ ನಮ್ಮ ಮಟ್ಟಿಗೆ ಅದು ಅರ್ಧ ನಿಜ.

ಇನ್ನರ್ಧ ಇಲ್ಲಿದೆ. ಭದ್ರಾವತಿಯಿಂದ ಬರುತ್ತಿದ್ದ ಒಬ್ಬ ಗೆಳೆಯ ನಮಗೆಲ್ಲ ತಮಟೆ ಕಲಿಸಿದವನು. ಬಿ. ಕೃಷ್ಣಪ್ಪ ಮೇಷ್ಟ್ರ ಮಾತು ಕೇಳಿ ದಲಿತ ಸಂಘರ್ಷ ಸಮಿತಿಗೆ ಬಂದಿದ್ದ. ಮೆರವಣಿಗೆ ಸೊರಗಿದಾಗ ಅವನು ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ ಬಡಿದನೆಂದರೆ ಎಪ್ಪತ್ತರ ಅಜ್ಜನ ಕಾಲೂ ಎದ್ದು ನಿಲ್ಲುತ್ತಿತ್ತು. ಒಂದು ಸಂಜೆ ಬಿಡುಗಡೆಯಾಗಿ ನೇರ ತೋಟದ ಮನೆಗೆ ಹೋದೆವು. ನಮಗೆ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಬಂತು. ಅವನಿಗೆ ಜಗಲಿಯ ಮೇಲೆ, ಬೇರೆ ಲೋಟದಲ್ಲಿ. ಕೊಟ್ಟವರು ಅದೇ ಅಮ್ಮ. ಇಡೀ ದಿನ ಸಮಾನತೆಯ ಘೋಷಣೆ ಕೂಗಿ ಗಂಟಲು ಕಟ್ಟಿದ್ದ ನಮ್ಮಲ್ಲಿ ಒಬ್ಬನಿಗೂ ದನಿ ಏಳಲಿಲ್ಲ. ಅವನು ಕುಡಿದು, ಲೋಟ ತೊಳೆದು, ಬೋರಲು ಹಾಕಿ ನಡೆದ.

ಮುಂದಿನ ವಾರ ಬರಲಾರ ಅಂದುಕೊಂಡಿದ್ದೆವು. ಬಂದ. ಬಕೆಟ್ಟಿನ ಒಂದು ಕಿವಿ ಹಿಡಿದು, "ನಡೀರಪ್ಪ, ಗೋಡೆ ಒಣಗ್ತದೆ" ಅಂದ. ಕಾಫಿಯ ಮಾತು ಎತ್ತಲಿಲ್ಲ. ನಾವೂ ಎತ್ತಲಿಲ್ಲ. ಅವನದು ದೊಡ್ಡತನ, ನಮ್ಮದು ಹೇಡಿತನ.

ಆ ಅಮ್ಮನ ಮೇಲೂ ನನಗೆ ಸಿಟ್ಟು ಉಳಿದಿಲ್ಲ. ಮಗ ಜೈಲಿಗೆ ಹೋದಾಗ ತೋಟಕ್ಕೆ ಔಷಧಿ ಹೊಡೆಸಿದ್ದು, ರಾತ್ರಿ ಎರಡಕ್ಕೆ ಬಂದ ಹದಿನೈದು ಜನಕ್ಕೆ ಅನ್ನ ಇಟ್ಟಿದ್ದು ಅವರೇ. ಯಾವ ವೇದಿಕೆಯ ಮೇಲೂ ಅವರು ಕೂರಲಿಲ್ಲ. ಸಂಘದ ಚರಿತ್ರೆ ಎಂದು ಈಗ ಬರುವ ಪುಸ್ತಕಗಳಲ್ಲಿ ಭಾಷಣ ಮಾಡಿದವರೆಲ್ಲ ಇದ್ದಾರೆ. ಅಂಟು ಕುದಿಸಿದವರು, ತಮಟೆ ಕಾಯಿಸಿದವರು ಇಲ್ಲ.

ಆ ಕಾಲದ ಕರಪತ್ರಗಳು, ಅಚ್ಚಿನ ಮೊಳೆ ಒತ್ತಿ ಹಿಂಬದಿ ಉಬ್ಬಿದ ಆ ಬಣ್ಣದ ಹಾಳೆಗಳು, ಈಗಲೂ ಕೆಲವರ ಅಟ್ಟದ ಮೇಲೆ ಇವೆ. ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಮುಂಬದಿಯಲ್ಲಿ ಭಾಷಣಕಾರರ ಹೆಸರು ಅಚ್ಚಾಗಿರುತ್ತದೆ. ಹಿಂಬದಿಯಲ್ಲಿ, ಆ ದಿನ ಜೊತೆಗಿದ್ದ ಉಳಿದವರ ಹೆಸರುಗಳನ್ನು ನೆನಪಿದ್ದಷ್ಟು ಪೆನ್ಸಿಲ್ಲಿನಲ್ಲಿ ಬರೆದಿಡಿ.