ಬಯಲಿನ ನೆರೆ

ಆಸ್ಟ್ರೇಲಿಯಾದ ಒಳನಾಡಿನಲ್ಲಿ ನೀರಿಗೆ ಬರ, ನೆರಳಿಗೆ ಬರ, ಪೆಟ್ರೋಲ್ ಬಂಕಿಗಂತೂ ಹೇಳತೀರದ ಬರ. ಜಾಗಕ್ಕೆ ಮಾತ್ರ ಬರವಿಲ್ಲ. ಆದರೂ ಒಂದು ಸೋಜಿಗ ನೋಡಿ. ಸಂಜೆ ಹೊತ್ತಿಗೆ ರಸ್ತೆಯಿಂದ ಕೆಳಗಿಳಿದು, ಕಣ್ಣು ಹರಿಯುವಷ್ಟು ದೂರ ನರಪಿಳ್ಳೆಯಿಲ್ಲದ ಕಡೆ ನಿಮ್ಮ ಕ್ಯಾರವಾನ್ ನಿಲ್ಲಿಸಿ. ಮಡಚುವ ಕುರ್ಚಿ ಬಿಚ್ಚಿ, ಚಹಾಕ್ಕೆ ನೀರಿಡಿ. ನೀರು ಕುದಿಯುವಷ್ಟರಲ್ಲಿ ದೂರದಲ್ಲೊಂದು ಧೂಳೇಳುತ್ತದೆ. ಇನ್ನೊಂದು ಕ್ಯಾರವಾನ್ ಬರುತ್ತದೆ. ಅದಕ್ಕೆ ನಿಲ್ಲಲು ಸಾವಿರಾರು ಎಕರೆ ಬಿದ್ದಿದೆ. ಆದರೆ ಅದು ಬಂದು ನಿಲ್ಲುವುದು ನಿಮ್ಮ ಪಕ್ಕದಲ್ಲೇ, ಕೂಗಿದರೆ ಕೇಳಿಸುವಷ್ಟು ಹತ್ತಿರವೂ ಅಲ್ಲ, ಗೊಣಗಿದರೆ ಕೇಳಿಸುವಷ್ಟು ಹತ್ತಿರ.

ಈ ಬಗ್ಗೆ ಕ್ಯಾಂಪಿಗರ ದೂರುಗಳಿಗೆ ಕೊನೆಯಿಲ್ಲ. ಏಕಾಂತ ಬೇಕೆಂದು ಸಾವಿರ ಮೈಲಿ ಬಂದು, ಮತ್ತೊಬ್ಬರ ಬಾಗಿಲಿಗೆ ಅಂಟಿಕೊಂಡು ನಿಲ್ಲುವುದೇ ಎಂದು ಬೈಯುತ್ತಾರೆ. ಮರುದಿನ ತಾವೂ ಹಾಗೆಯೇ ನಿಲ್ಲುತ್ತಾರೆ. ಬಹುಕಾಲ ನಾನು ಬೈಯುವವರ ಪಕ್ಷದಲ್ಲಿದ್ದೆ. ಬರ್ಡ್ಸ್‌ವಿಲ್‌ಗೆ ಹೋಗಿಬಂದ ಮೇಲೆ ಪಕ್ಷಾಂತರ ಮಾಡಿದ್ದೇನೆ.

ಬರ್ಡ್ಸ್‌ವಿಲ್ ಇರುವುದು ಕ್ವೀನ್ಸ್‌ಲ್ಯಾಂಡ್ ರಾಜ್ಯದ ನೈಋತ್ಯ ಮೂಲೆಯಲ್ಲಿ, ಡಯಾಮಂಟಿನಾ ನದಿಯ ದಡದಲ್ಲಿ. ದಕ್ಷಿಣ ಆಸ್ಟ್ರೇಲಿಯಾದ ಗಡಿ ಕೆಲವೇ ಕಿಲೋಮೀಟರ್ ಆಚೆ. ತನ್ನದೇ ರಾಜಧಾನಿ ಬ್ರಿಸ್ಬೇನ್ ಸುಮಾರು 1,600 ಕಿ.ಮೀ. ದೂರ. 2021ರ ಜನಗಣತಿಯಲ್ಲಿ ಎಣಿಕೆಗೆ ಸಿಕ್ಕವರು 110 ಜನ. 1884ರಲ್ಲಿ ಮರಳುಗಲ್ಲಿನಲ್ಲಿ ಕಟ್ಟಿದ ಹೋಟೆಲು, ಅದರ ಎದುರಿಗೇ ವಿಮಾನ ಇಳಿಯುವ ಪಟ್ಟಿ, ಒಂದು ಪೊಲೀಸ್ ಠಾಣೆ, ಪುಟ್ಟ ಶಾಲೆ, ಒಂಟೆ ಮಾಂಸದ ಕರಿ ಪೈಗೆ ಹೆಸರಾದ ಬೇಕರಿ: ಊರು ಮುಗಿಯಿತು. 1901ರಲ್ಲಿ ವಸಾಹತುಗಳೆಲ್ಲ ಸೇರಿ ಒಂದು ದೇಶವಾಗುವ ತನಕ ಇಲ್ಲಿ ಗಡಿ ದಾಟುವ ದನಗಳಿಗೆ ಸುಂಕ ಕಟ್ಟಿಸಿಕೊಳ್ಳುತ್ತಿದ್ದರು. ಆಮೇಲೆ ಸುಂಕ ಹೋಯಿತು, ಜನವೂ ಕರಗಿತು. ಸೆಪ್ಟೆಂಬರ್ ಮೊದಲ ವಾರ ಮಾತ್ರ ಕುದುರೆ ರೇಸಿಗೆಂದು ಸಾವಿರಾರು ಮಂದಿ ನೆರೆದು ಊರನ್ನು ಅಡಿಮೇಲು ಮಾಡುತ್ತಾರೆ. 1882ರಿಂದ ಬಂದ ಪದ್ಧತಿ. ನಾವು ಬೇಕೆಂದೇ ಆ ವಾರ ತಪ್ಪಿಸಿ ಹೋದೆವು.

ಅಡಿಲೇಡಿನಿಂದ ಹೊರಟವರಿಗೆ ಮಾರೀ ಎಂಬ ಹಳ್ಳಿಯಿಂದ ನಿಜವಾದ ದಾರಿ ಶುರು. ಅಲ್ಲಿಂದ ಬರ್ಡ್ಸ್‌ವಿಲ್‌ಗೆ 517 ಕಿ.ಮೀ. ಮಣ್ಣುರಸ್ತೆ; ನಡುವೆ ಊಟ, ಪೆಟ್ರೋಲ್, ಹಾಸಿಗೆ ಮೂರೂ ಸಿಗುವ ಜಾಗ ಒಂದೇ, ಮಂಗರಾನಿ ಹೋಟೆಲು. ಇದು ದನ ಹೊಡೆಯುವವರ ದಾರಿ. ಕ್ವೀನ್ಸ್‌ಲ್ಯಾಂಡಿನ ಹುಲ್ಲುಗಾವಲಿನಿಂದ ಮಾರೀ ರೈಲು ನಿಲ್ದಾಣಕ್ಕೆ ಮಂದೆಗಳನ್ನು ನಡೆಸಿಕೊಂಡು ಬರುತ್ತಿದ್ದರು. ನಡುವೆ ದನ ಬಾಯಾರಿ ಸಾಯದಿರಲೆಂದು ಸರ್ಕಾರ ದಾರಿಯುದ್ದಕ್ಕೂ ಬೋರ್‌ವೆಲ್ ಕೊರೆಸಿತ್ತು. ಮಾರೀಯಲ್ಲಿ ಇನ್ನೂ ಖರ್ಜೂರದ ಮರಗಳಿವೆ, ಮಣ್ಣಿನ ಮಸೀದಿಯ ಪ್ರತಿಕೃತಿಯಿದೆ. ಕರಾಚಿ ಬಂದರಿನಿಂದ ಹಡಗಿನಲ್ಲಿ ಒಂಟೆಗಳ ಜೊತೆ ಬಂದ ಬಲೂಚಿ, ಪಂಜಾಬಿ, ಸಿಂಧಿ, ಪಠಾಣರೆಲ್ಲರನ್ನೂ ಬಿಳಿಯರು ಒಟ್ಟಾರೆ 'ಅಫ್ಘನ್' ಎಂದುಬಿಟ್ಟರು. ರೈಲು ಮುಟ್ಟದ ಕಡೆಗೆಲ್ಲ ಅಕ್ಕಿ, ಹಿಟ್ಟು, ತಂತಿ, ಪಿಯಾನೊ ತನಕ ಹೊತ್ತವು ಅವರ ಒಂಟೆಗಳು. ಲಾರಿ ಬಂದ ಮೇಲೆ ಬಿಟ್ಟುಬಿಟ್ಟ ಆ ಒಂಟೆಗಳ ಸಂತಾನವೇ ಈಗ ಕಾಡು ಒಂಟೆಗಳಾಗಿ ಅಲೆಯುತ್ತಿರುವುದು, ಬೇಕರಿಯ ಪೈ ಒಳಗೆ ಸೇರುತ್ತಿರುವುದು.

ಈ ದಾರಿಯಲ್ಲಿ ಎದುರಿಗೆ ವಾಹನ ಸಿಗುವುದು ಅಪರೂಪ. ಸಿಕ್ಕಾಗ ಎರಡು ಶಾಸ್ತ್ರ ನಡೆಯಬೇಕು. ಒಂದು, ಸ್ಟೀರಿಂಗ್ ಬಿಡದೆ ತೋರುಬೆರಳೊಂದನ್ನು ಮೇಲೆತ್ತಿ ನಮಸ್ಕಾರ ಮಾಡುವುದು. ಕೈಬೀಸಿದರೆ ಪಟ್ಟಣದವರೆಂದು ಗೊತ್ತಾಗಿಬಿಡುತ್ತದೆ. ಎರಡು, ವೈರ್‌ಲೆಸ್. ಮೊಬೈಲು ಸತ್ತುಹೋಗುವ ಈ ಸೀಮೆಯಲ್ಲಿ ಪ್ರತಿ ಗಾಡಿಯಲ್ಲೂ ಯು.ಎಚ್.ಎಫ್. ರೇಡಿಯೊ ಇರುತ್ತದೆ. ಹೆದ್ದಾರಿಯ ಲಾರಿಗಳಿಗೆ 40ನೇ ಚಾನೆಲ್, ಕ್ಯಾರವಾನಿನವರ ಹರಟೆಗೆ 18. ಮುಖ ಕಾಣದ ದನಿಯೊಂದು, "ಮುಂದೆ ಕೂಪರ್ ಹಳ್ಳದಲ್ಲಿ ನೀರೆಷ್ಟಿದೆ?" ಎನ್ನುತ್ತದೆ. ನಾವು ಹೇಳಬೇಕು. ಕೂಪರ್ ಹಳ್ಳ ವರ್ಷಗಟ್ಟಲೆ ಒಣಗಿರುತ್ತದೆ. ನೀರು ಬಂದಾಗ ಕಿಲೋಮೀಟರುಗಟ್ಟಲೆ ಅಗಲಕ್ಕೆ ಹರಡಿ ದೋಣಿ ಹಾಕಿ ದಾಟಿಸಬೇಕಾಗುತ್ತದೆ. ಮಳೆ ಬೀಳುವುದು ಇಲ್ಲಲ್ಲ, ನೂರಾರು ಮೈಲಿ ಉತ್ತರಕ್ಕೆ. ನೀರು ವಾರಗಟ್ಟಲೆ ತೆವಳಿಕೊಂಡು, ನೀಲಿ ಆಕಾಶದ ಕೆಳಗೇ ಬಂದು ರಸ್ತೆ ಮುರಿಯುತ್ತದೆ. ಆದ್ದರಿಂದ ಎದುರಿಗೆ ಬಂದವನ ಮಾತೇ ಇಲ್ಲಿನ ದಿನಪತ್ರಿಕೆ.

ಊರು ಮುಟ್ಟಿದ ಮೇಲೆ ಕ್ಯಾರವಾನ್ ಪಾರ್ಕು. ಚಳಿಗಾಲದ ತಿಂಗಳುಗಳಲ್ಲಿ ಊರಿನವರಿಗಿಂತ ಪಾರ್ಕಿನವರೇ ಹೆಚ್ಚು. ಹತ್ತಿರದ ನೀರಿನ ಮಡುವಿನಲ್ಲಿ ಹೆಜ್ಜಾರ್ಲೆಗಳು ತೇಲುತ್ತವೆ, ಬಿಳಿ ಗಿಳಿಗಳ ಹಿಂಡು ಮರದ ಮೇಲೆ ಕೂತು ಕಿವಿ ಹಾರಿಹೋಗುವಂತೆ ಕಿರುಚುತ್ತದೆ. ಆದರೆ ಸಂಜೆಯ ನಿಜವಾದ ಮನರಂಜನೆ ಇವಾವುವೂ ಅಲ್ಲ. ಹೊಸಬರು ಕ್ಯಾರವಾನನ್ನು ಹಿಂದಕ್ಕೆ ತೆಗೆಯುವುದು. ಐದು ಗಂಟೆಗೆ ಎಲ್ಲರೂ ಕೈಯಲ್ಲೊಂದು ಗ್ಲಾಸು ಹಿಡಿದು ಕುರ್ಚಿಗಳನ್ನು ದಾರಿಯ ಕಡೆಗೆ ತಿರುಗಿಸಿಕೊಂಡು ಕೂರುತ್ತಾರೆ. ಕ್ಯಾರವಾನ್ ಹಿಂದಕ್ಕೆ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಬಲಕ್ಕೆ ತಿರುಗಬೇಕು. ಬುದ್ಧಿಗೆ ಇದು ಗೊತ್ತು, ಕೈಗೆ ಗೊತ್ತಿಲ್ಲ. ಗಂಡ ಕಾರಿನಲ್ಲಿ, ಹೆಂಡತಿ ಹಿಂದೆ ರೇಡಿಯೊ ಹಿಡಿದು.

"ಎಡಕ್ಕೆ! ನಿಮ್ಮ ಎಡಕ್ಕಲ್ಲ ರೀ, ನನ್ನ ಎಡಕ್ಕೆ!"

ಕನ್ನಡದಲ್ಲಿ ಹೇಳಿದ್ದರಿಂದ ನಮ್ಮ ಮಾನ ಉಳಿಯಿತೆಂದುಕೊಂಡರೆ, ಪ್ರೇಕ್ಷಕರೆಲ್ಲ ತಲೆಯಾಡಿಸಿ ನಕ್ಕರು. ಈ ಸಂವಾದ ಯಾವ ಭಾಷೆಯಲ್ಲಾದರೂ ಅರ್ಥವಾಗುವಂಥದ್ದು. ಕಡೆಗೆ ಎಪ್ಪತ್ತು ದಾಟಿದ ಒಬ್ಬರು ಎದ್ದು ಬಂದು, ಯಾವ ಪೀಠಿಕೆಯೂ ಇಲ್ಲದೆ, "ಸ್ಟೀರಿಂಗಿನ ಕೆಳಭಾಗ ಹಿಡಿಯಿರಿ. ಕ್ಯಾರವಾನ್ ಎತ್ತ ಹೋಗಬೇಕೋ ಕೈಯನ್ನು ಅತ್ತಲೇ ಸರಿಸಿ" ಎಂದರು. ಅಷ್ಟೇ ಗುಟ್ಟು. ಕ್ಯಾರವಾನ್ ಸಾಧುವಾಗಿ ಒಳಗೆ ಹೋಯಿತು. ಅವರೇ ನಮ್ಮ ಪಕ್ಕದ ಮನೆಯವರು.

ಇಂಥವರನ್ನು ಆಸ್ಟ್ರೇಲಿಯದಲ್ಲಿ 'ಗ್ರೇ ನೊಮ್ಯಾಡ್ಸ್' ಎನ್ನುತ್ತಾರೆ, ತಲೆ ನರೆತ ಅಲೆಮಾರಿಗಳು. ನಿವೃತ್ತಿಯಾದದ್ದೇ ಮನೆ ಮಾರಿ ಅಥವಾ ಬಾಡಿಗೆಗೆ ಕೊಟ್ಟು, ಕ್ಯಾರವಾನ್ ಕೊಂಡು, ಚಳಿಗಾಲ ಬಂತೆಂದರೆ ಉತ್ತರಕ್ಕೆ ಹೊರಟುಬಿಡುತ್ತಾರೆ. ನಮ್ಮ ಕಡೆ ವಾನಪ್ರಸ್ಥ ಎಂಬುದು ಪುರಾಣದಲ್ಲಿ ಉಳಿದು, ವಯಸ್ಸಾದವರು ಮೊಮ್ಮಕ್ಕಳ ಶಾಲೆಯ ವ್ಯಾನಿಗೆ ಕಾಯುತ್ತ ನಿಂತಿರುವಾಗ, ಇವರು ಅದನ್ನು ಫ್ರಿಜ್, ಟಿ.ವಿ., ಸೋಲಾರ್ ಫಲಕ ಸಮೇತ ಜಾರಿಗೆ ತಂದಿದ್ದಾರೆ. ಬಿಟ್ಟುಬಂದದ್ದೇನು ಎಂದು ನಾನು ಆ ಮನೆಯೊಳಗೆ ಇಣುಕಿ ನೋಡಿದೆ. ಏನನ್ನೂ ಬಿಟ್ಟಿರಲಿಲ್ಲ. ಹೊಲಿಗೆ ಯಂತ್ರವೂ ಇತ್ತು.

ಅವರು ಕೇಳಿದ ಮೊದಲ ಪ್ರಶ್ನೆ, ಎಲ್ಲಿಂದ ಬಂದಿರಿ. ಎರಡನೆಯದು, ಇಲ್ಲಿಂದ ಎಲ್ಲಿಗೆ, ಯಾವತ್ತು, ಯಾವ ದಾರಿಯಲ್ಲಿ. ಅಡಿಲೇಡಿನ ನಮ್ಮ ಬೀದಿಯಲ್ಲಿ ಇಷ್ಟು ವರ್ಷವಾದರೂ ಯಾರೂ ಇದನ್ನು ಕೇಳಿಲ್ಲ. ಕಸದ ಡಬ್ಬಿ ಯಾವತ್ತು ಹೊರಗಿಡಬೇಕೆಂಬುದೇ ಅಲ್ಲಿನ ನೆರೆಹೊರೆಯ ಮಾತಿನ ಗಡಿ. ನನ್ನವಳಿಗಂತೂ ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ "ಯಾವೂರಾಯ್ತವ್ವ, ಯಾರ ಪೈಕಿ?" ಎಂದಷ್ಟು ಖುಷಿ. ಅಜ್ಜಿ ಕೇಳುವುದು ನಿಮ್ಮನ್ನು ಎಲ್ಲಿ ಕೂರಿಸಬೇಕೆಂದು ತಿಳಿಯಲು. ಇಲ್ಲಿ ಕೇಳುವುದು ಬೇರೆ ಕಾರಣಕ್ಕೆ: ನೀವು ಮುಟ್ಟಬೇಕಾದ ಕಡೆ ಮುಟ್ಟದಿದ್ದರೆ ಹುಡುಕುವವರಿಗೆ ಹೇಳಲು ಒಬ್ಬರಿಗಾದರೂ ಗೊತ್ತಿರಬೇಕು.

1963ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದಿದ್ದ ಕುಟುಂಬವೊಂದು, ಅಪ್ಪ, ಅಮ್ಮ, ಮೂವರು ಗಂಡುಮಕ್ಕಳು, ಇದೇ ಮಾರೀ ದಾರಿಯಲ್ಲಿ ಪೆಟ್ರೋಲ್ ತೀರಿ ಸಿಕ್ಕಿಬಿದ್ದಿತು. ಕಾರು ಬಿಟ್ಟು ನೀರು ಹುಡುಕಿ ಹೊರಟರು. ಐವರೂ ಬಾಯಾರಿಕೆಯಿಂದ ಸತ್ತರು. ಇಂದಿಗೂ ಒಳನಾಡಿನಲ್ಲಿ ಯಾರನ್ನು ಕೇಳಿದರೂ ಮೊದಲು ಹೇಳುವ ಬುದ್ಧಿಮಾತು, ಗಾಡಿ ಕೆಟ್ಟರೆ ಗಾಡಿ ಬಿಡಬೇಡಿ. ಹುಡುಕುವವರಿಗೆ ಕಾರು ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಕ್ವೀನ್ಸ್‌ಲ್ಯಾಂಡಿನ ದಾಖಲೆ ಸೆಕೆ ಬಿದ್ದದ್ದೂ ಈ ಊರಿನಲ್ಲೇ, 1972ರ ಡಿಸೆಂಬರ್ 24ರಂದು, 49.5 ಡಿಗ್ರಿ ಸೆಲ್ಸಿಯಸ್. ಇಂಥ ನೆಲದಲ್ಲಿ ಪಕ್ಕದವನ ಬಗ್ಗೆ ಕುತೂಹಲ ಇಲ್ಲದಿರುವುದೇ ಅಸಭ್ಯತೆ.

ಇಲ್ಲಿ ನೆರೆ ಎಂದರೆ ಎಷ್ಟು ದೂರ ಎಂಬುದಕ್ಕೆ ಟಾಮ್ ಕ್ರೂಸನನ್ನು ನೆನೆಯಬೇಕು. ಹಾಲಿವುಡ್ಡಿನವನಲ್ಲ, ಈತ 1936ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಮಾರೀಯಿಂದ ಬರ್ಡ್ಸ್‌ವಿಲ್‌ಗೆ ಲಾರಿಯಲ್ಲಿ ಅಂಚೆ ಒಯ್ದವನು. ಮರಳಗುಡ್ಡ ಬಂದರೆ ಕಬ್ಬಿಣದ ತಗಡುಗಳನ್ನು ಚಕ್ರದಡಿ ಹಾಸುತ್ತ, ದಾಟುತ್ತ, ಮತ್ತೆ ಎತ್ತಿ ಮುಂದೆ ಹಾಸುತ್ತ ಹೋಗುತ್ತಿದ್ದ. ಅವನ ಮೇಲೆ 1954ರಲ್ಲಿ ಬಂದ 'ದ ಬ್ಯಾಕ್ ಆಫ್ ಬಿಯಾಂಡ್' ಸಾಕ್ಷ್ಯಚಿತ್ರ ಜಗತ್ತೆಲ್ಲ ಸುತ್ತಿತು. ಕಾಗದ, ಔಷಧ, ಬಿತ್ತನೆ ಬೀಜ, ಬಿಯರು, ಅವರಿವರ ಸುದ್ದಿ ಎಲ್ಲವೂ ಅದೇ ಲಾರಿಯಲ್ಲಿ. ಇನ್ನೂ ಹಿಂದೆ ಹೋದರೆ ಇಲ್ಲಿನ ಮೂಲನಿವಾಸಿಗಳಾದ ವಾಂಗ್ಕಂಗುರು ಜನ. ಸಿಂಪ್ಸನ್ ಮರಳುಗಾಡಿನೊಳಗೆ 'ಮಿಕಿರಿ' ಎಂಬ ಆಳದ ಕಿರುಬಾವಿಗಳನ್ನು ನೆಚ್ಚಿ 1900ರ ಹೊತ್ತಿನವರೆಗೂ ಬದುಕಿದ್ದವರು. ಉತ್ತರದ ಮಲ್ಲಿಗನ್ ನದಿಯ ಕಡೆಯಿಂದ ಪಿಟೂರಿ ಎಂಬ ಜಗಿಯುವ ಎಲೆ ಬರುತ್ತಿತ್ತು, ದಕ್ಷಿಣದ ಫ್ಲಿಂಡರ್ಸ್ ಬೆಟ್ಟಗಳಿಂದ ಕೆಮ್ಮಣ್ಣು ಬರುತ್ತಿತ್ತು. ನೂರಾರು ಮೈಲಿ ನಡೆದು ಬಂದು ಬದಲಾಯಿಸಿಕೊಳ್ಳುತ್ತಿದ್ದರು. ಪಕ್ಕದ ಮನೆಗೆ ಒಂದು ಲೋಟ ಸಕ್ಕರೆ ಕೇಳಲು ಹೋಗುವುದನ್ನು ನಾವು ದೊಡ್ಡ ಸಂಕೋಚ ಮಾಡಿಕೊಳ್ಳುತ್ತೇವೆ.

ಊರಿನ ನೀರಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನದಿಯಿದ್ದರೂ ಊರು ಬಹುಕಾಲ ನಂಬಿದ್ದು ನೆಲದಡಿಯ ನೀರನ್ನು. ಆಸ್ಟ್ರೇಲಿಯಾದ ಐದನೇ ಒಂದು ಭಾಗಕ್ಕಿಂತ ಹೆಚ್ಚು ನೆಲದ ಅಡಿಯಲ್ಲಿ ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ ಜಲರಾಶಿ ಹಬ್ಬಿದೆ. ಬರ್ಡ್ಸ್‌ವಿಲ್‌ನ ಬೋರ್‌ವೆಲ್ ಸುಮಾರು 1,280 ಮೀಟರ್ ಆಳ; ಪಂಪಿಲ್ಲದೆ ತಾನಾಗಿಯೇ ಮೇಲೆ ಚಿಮ್ಮುವ ನೀರು 98 ಡಿಗ್ರಿ ಬಿಸಿ. ಅಂದರೆ ಬಾವಿಯಿಂದ ನೇರ ಕಾಫಿಗೆ ಇಳಿಸಬಹುದು. ಆ ಬಿಸಿಯಿಂದ ಇಲ್ಲಿ ದಶಕಗಟ್ಟಲೆ ವಿದ್ಯುತ್ತನ್ನೂ ತೆಗೆದರು. ಎಲ್ಲ ಕಡೆ ನೀರು ಕಾಯಿಸಲು ಖರ್ಚಾದರೆ ಇಲ್ಲಿ ಆರಿಸಲು ಕೊಳ ಕಟ್ಟಿದ್ದಾರೆ. ಲಕ್ಷಾಂತರ ವರ್ಷದ ಹಿಂದೆ ಬಿದ್ದ ಮಳೆಯಲ್ಲಿ ತಲೆಗೆ ಸ್ನಾನ ಮಾಡುತ್ತಿದ್ದೇನೆಂಬ ಭಾವುಕತೆ ನನಗೆ ಬರುವಷ್ಟರಲ್ಲಿ, "ಮೂರು ನಿಮಿಷ ಆಯ್ತು" ಎಂದು ಹೊರಗಿನಿಂದ ಬಾಗಿಲು ಬಡಿದರು.

ಎರಡನೆಯ ಸಂಜೆ ನನ್ನವಳು ಕುಕ್ಕರ್ ಇಟ್ಟಳು. ತೊಗರಿಬೇಳೆ, ಮೂರು ವಿಷಲ್. ಆ ನಿಶ್ಶಬ್ದದಲ್ಲಿ ಮೊದಲ ವಿಷಲ್ ಕೇಳಿ ಗಿಳಿಗಳೆಲ್ಲ ಒಮ್ಮೆಗೇ ಹಾರಿದವು. ಪಕ್ಕದ ಯಜಮಾನರು ಗ್ಯಾಸ್ ಸಿಲಿಂಡರ್ ಸೋರಿತೆಂದು ಓಡಿ ಬಂದು ನಮ್ಮ ರೆಗ್ಯುಲೇಟರನ್ನು ತಿರುಗಿಸಿಯೇಬಿಟ್ಟರು. ಎರಡು ವಿಷಲ್ ಬಾಕಿಯಿದ್ದವು ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿ ಒಪ್ಪಿಸುವುದು ಸುಲಭವಲ್ಲ. ಕೊನೆಗೆ ಸಾರು ಅನ್ನ ಅವರಿಗೂ ಹೋಯಿತು. ಅತ್ತಲಿಂದ ಕೆಂಡದ ಮೇಲಿನ ಕಬ್ಬಿಣದ ಪಾತ್ರೆಯಲ್ಲಿ ಬೆಂದ ಡ್ಯಾಂಪರ್ ಎಂಬ ದಪ್ಪ ರೊಟ್ಟಿ ಬಂತು. ಅದನ್ನು ಚಟ್ನಿಪುಡಿ ಎಣ್ಣೆಯಲ್ಲಿ ಅದ್ದಿ ತಿಂದು ಯಜಮಾನರ ಹೆಂಡತಿ ಕಣ್ಣೀರು ಸುರಿಸುತ್ತ "ಚೆನ್ನಾಗಿದೆ" ಎಂದರು. ಅಲ್ಲಿನವರ ದಾಕ್ಷಿಣ್ಯವೂ ಏನೂ ಕಡಿಮೆಯದಲ್ಲ.

ಎಲ್ಲವೂ ಹೀಗೆ ಸಿಹಿಯಾಗಿರುತ್ತದೆಂದೇನಿಲ್ಲ. ರಾತ್ರಿ ಒಂಬತ್ತರ ನಂತರ ಜನರೇಟರ್ ಓಡಿಸುವವನನ್ನು ಇಡೀ ಪಾರ್ಕು ಜಾತಿಯಿಂದ ಹೊರಗಿಡುತ್ತದೆ. ನಲ್ಲಿಯ ಹತ್ತಿರ ನಾಯಿ ಕಟ್ಟಿದವನಿಗೂ ಅದೇ ಗತಿ. ಬಟ್ಟೆ ಒಗೆಯುವ ಯಂತ್ರದ ಸರದಿ ಹೆಂಗಸರ ನಡುವೆ ಎಬ್ಬಿಸುವ ತಣ್ಣನೆಯ ಯುದ್ಧವನ್ನು ನಾನು ಕಣ್ಣಾರೆ ಕಂಡಿದ್ದೇನೆ. 110 ಜನರ ಊರಿನ ಅಂಚಿನಲ್ಲಿ, ಲಕ್ಷಾಂತರ ಚದರ ಕಿಲೋಮೀಟರ್ ಖಾಲಿ ನೆಲದ ನಡುವೆ, ಒಂದು ಬಟ್ಟೆ ಹಗ್ಗಕ್ಕಾಗಿ.

ಊರಿಂದ 35 ಕಿ.ಮೀ. ಪಶ್ಚಿಮಕ್ಕೆ 'ಬಿಗ್ ರೆಡ್' ಎಂಬ ಸುಮಾರು 40 ಮೀಟರ್ ಎತ್ತರದ ಕೆಂಪು ಮರಳದಿಬ್ಬ. ಇಲ್ಲಿಂದಾಚೆ ಸಿಂಪ್ಸನ್ ಮರಳುಗಾಡು. ಇಂಥ ದಿಬ್ಬಗಳು ಒಂದರ ಪಕ್ಕ ಒಂದು, ಸಾವಿರಕ್ಕೂ ಹೆಚ್ಚು. ಚಕ್ರದ ಗಾಳಿ ಅರ್ಧ ಇಳಿಸಿ, ಕಾರಿನ ಮೂತಿಗೆ ಉದ್ದ ಕೋಲಿನ ಬಾವುಟ ಕಟ್ಟಿ ಹತ್ತಬೇಕು. ಬಾವುಟ ಏಕೆಂದರೆ ದಿಬ್ಬದ ಆ ಕಡೆಯಿಂದ ಹತ್ತುತ್ತಿರುವವನಿಗೆ ನೀವು ಕಾಣುವುದಿಲ್ಲ. ಇಡೀ ಮರಳುಗಾಡಿನಲ್ಲಿ ಎರಡೇ ಗಾಡಿಯಿದ್ದರೂ ಅವು ಒಂದೇ ದಿಬ್ಬದ ನೆತ್ತಿಯಲ್ಲಿ ಢಿಕ್ಕಿ ಹೊಡೆಯಬಲ್ಲವು ಎಂದು ಕಾನೂನಿಗೂ ಗೊತ್ತಿದೆ. ಮೇಲೆ ನಿಂತು ನೋಡಿದಾಗ ಪಶ್ಚಿಮಕ್ಕೆ ಮರಳಿನ ಅಲೆ ಬಿಟ್ಟರೆ ಬೇರೇನಿಲ್ಲ. ಸೂರ್ಯಾಸ್ತ ನೋಡಲು ಬಂದ ಮೂವತ್ತು ನಲವತ್ತು ಜನ, ಮೈಲಿಗಟ್ಟಲೆ ಉದ್ದದ ಆ ದಿಬ್ಬದ ಮೇಲೆ ಒಂದೇ ಮಾರಿನಷ್ಟು ಜಾಗದಲ್ಲಿ ಒತ್ತಿಕೊಂಡು ಕೂತಿದ್ದರು. ನಾವೂ ಹೋಗಿ ಅವರ ಮಧ್ಯೆಯೇ ಕುರ್ಚಿ ಹಾಕಿದೆವು.

ಹೊರಡುವ ದಿನ ಪಕ್ಕದ ಯಜಮಾನರು ನಮ್ಮ ಗಾಡಿಯ ಕೊಂಡಿ, ಸರಪಳಿ, ಬ್ರೇಕ್ ದೀಪ ಎಲ್ಲವನ್ನೂ ಒಮ್ಮೆ ತಟ್ಟಿ ನೋಡಿದರು. ಯಾವ ರಾತ್ರಿ ಎಲ್ಲಿ ತಂಗುತ್ತೀರೆಂದು ಚೀಟಿಯಲ್ಲಿ ಬರೆಸಿಕೊಂಡರು. ಮಂಗರಾನಿ ಇನ್ನೂ ದೂರವಿರುವಾಗ ರೇಡಿಯೊ ಕರಕರ ಎಂದಿತು. ಎದುರಿಗೆ ಬರುತ್ತಿದ್ದ ಯಾವುದೋ ಕ್ಯಾರವಾನು, ಹೊಸಬರ ಅಂಜಿಕೆಯ ದನಿ: "ಮುಂದೆ ದಾರಿ ಹೇಗಿದೆ?"

ನಾನು ರಿಸೀವರ್ ಎತ್ತಿ, ದಾರಿ ಚೆನ್ನಾಗಿದೆ, ಎರಡು ಕಡೆ ಕೊರಕಲು, ಹತ್ತು ಕಿಲೋಮೀಟರ್ ಆಚೆ ರಸ್ತೆಗೆ ಅಡ್ಡವಾಗಿ ಒಂದು ಹಸು ಮಲಗಿದೆ, ನೋಡಿಕೊಂಡು ಹೋಗಿ ಎಂದೆ.

"ಹಸು ಅಲ್ಲ ರೀ, ಹೋರಿ" ಎಂದಳು ನನ್ನವಳು, "ಸರಿಯಾಗಿ ಹೇಳಿ, ಪಾಪ, ಇಳಿದು ಓಡಿಸೋಕೆ ಹೋದಾರು."