ರೇಡಿಯೋ ಸರಿಯಾಗೇ ಇದೆ, ಗಲಾಟೆ ಎಲ್ಲಿಂದ?

ಹೊಸದಾಗಿ ಹ್ಯಾಮ್ ಲೈಸೆನ್ಸ್ ತಗೊಂಡ ಗೆಳೆಯರು ನನಗೆ ಕಳಿಸೋ ವಾಟ್ಸ್ಆ್ಯಪ್ ಮೆಸೇಜ್ ಹೆಚ್ಚೂಕಡಿಮೆ ಒಂದೇ ಥರ: "ಸೆಟ್ ಕೆಟ್ಟಿದೆ ಅನ್ಸುತ್ತೆ ಗುರೂ, ವಾಪಸ್ ಕಳಿಸ್ಲಾ?" ಕಳಿಸಬೇಡಿ. ಬಹಳ ಸಲ ಸೆಟ್ ನೆಟ್ಟಗೇ ಇರುತ್ತೆ.

ಕೈಯಲ್ಲಿ ಹಿಡಿಯೋ ಸಣ್ಣ ಸೆಟ್‌ನಲ್ಲಿ ಎಲ್ಲರ ಮಾತೂ ಕೇಳಿಸುತ್ತೆ, ನಿಮ್ಮದು ಮಾತ್ರ ಯಾರಿಗೂ ಕೇಳಿಸಲ್ಲ ಅಂದ್ರೆ ಶಿಫ್ಟ್ ನೋಡಿ. 2 ಮೀಟರ್ ಬ್ಯಾಂಡ್‌ನಲ್ಲಿ ರಿಪೀಟರ್ ಮಾತಾಡೋ ಫ್ರೀಕ್ವೆನ್ಸಿಗೂ ಕೇಳಿಸಿಕೊಳ್ಳೋ ಫ್ರೀಕ್ವೆನ್ಸಿಗೂ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರ ಇರುತ್ತೆ. ಕೆಲವು ರಿಪೀಟರ್‌ಗಳಿಗೆ ಟೋನ್ ಕೂಡ ಬೇಕು, ಅದಿಲ್ಲದಿದ್ರೆ ಬಾಗಿಲೇ ತೆಗೆಯಲ್ಲ. ಇನ್ನು ದೊಡ್ಡ ಸೆಟ್ ಮೈಕ್ ಬಟನ್ ಒತ್ತಿದ ತಕ್ಷಣ ಆಫ್ ಆಗುತ್ತಾ? 100 ವ್ಯಾಟ್ ಕಳಿಸುವಾಗ ಅದು ಸುಮಾರು 20 ಆಂಪಿಯರ್ ಎಳೆಯುತ್ತೆ. ತೆಳು ವೈರು, ಸಡಿಲ ಫ್ಯೂಸ್ ಇದ್ರೆ 13.8 ವೋಲ್ಟ್ ದಾರಿಯಲ್ಲೇ ಕರಗಿಹೋಗುತ್ತೆ. ಮಾತಾಡ್ತಾ ಇರುವಾಗಲೇ ಸೆಟ್ ಹತ್ತಿರದ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಸುಮ್ನೆ ಆನ್ ಮಾಡಿ ಅಳೆದ್ರೆ ಏನೂ ಗೊತ್ತಾಗಲ್ಲ.

ನಿಜವಾದ ತಲೆನೋವು ಗಲಾಟೆ. ಸಹಕಾರನಗರದ ನಮ್ಮ ಅಪಾರ್ಟ್‌ಮೆಂಟ್ ಟೆರೇಸ್ ಮೇಲೆ 7 ಮೆಗಾಹರ್ಟ್ಸ್‌ಗೆ ಅಂತ 20 ಮೀಟರ್ ಉದ್ದದ ವೈರ್ ಆಂಟೆನಾ ಕಟ್ಟಿದ್ದೀನಿ. ಸಂಜೆಯಾದ್ರೆ ಬರೀ ಗುಯ್ ಅನ್ನೋ ಸದ್ದು. ಒಂದು ದಿನ ರೇಡಿಯೋನ ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ಚೇ ಇಳಿಸಿದೆ. ಅರ್ಧ ಸದ್ದು ಮಾಯ! ಆಮೇಲೆ ಒಂದೊಂದೇ ಸ್ವಿಚ್ ಹಾಕ್ತಾ ಬಂದ್ರೆ ಸಿಕ್ಕಿಬಿದ್ದದ್ದು ಎರಡು ಎಲ್‌ಇಡಿ ಬಲ್ಬು, ಒಂದು ಲ್ಯಾಪ್‌ಟಾಪ್ ಚಾರ್ಜರ್. ಕೋಡ್‌ನಲ್ಲಿ ಬಗ್ ಹುಡುಕೋ ಹಾಗೇ ಇದೂ. ಒಂದೇ ವ್ಯತ್ಯಾಸ, ಇಲ್ಲಿ ಅಮ್ಮ ಕತ್ತಲಲ್ಲಿ ಕೂತು "ಸೀರಿಯಲ್ ಮುಗಿದುಹೋಯ್ತು ಕಣೋ" ಅಂತಿರ್ತಾರೆ.

ಅಷ್ಟರಲ್ಲಿ ಅಸೋಸಿಯೇಷನ್‌ನಿಂದ ಪತ್ರ ಬಂತು: ಆಂಟೆನಾ ತೆಗೀಬೇಕು. ಕೆಳಗಿನ ಮನೆಯ ನಿವೃತ್ತ ಟೀಚರ್ ಬೆಳಗ್ಗೆ ಸ್ಪೀಕರ್‌ನಲ್ಲಿ ಸಹಸ್ರನಾಮ ಹಾಕಿದ್ರೆ ನಡುವೆ ಬಾತುಕೋಳಿ ಕೂಗಿದ ಹಾಗೆ ಕೇಳಿಸುತ್ತಂತೆ. ಆ ಬಾತುಕೋಳಿ ನಾನೇ. ಲೈಸೆನ್ಸ್ ಇದೆ, ಪವರ್ ಮಿತಿಯಲ್ಲೇ ಇದೆ, ಆದ್ರೆ ಅವರ ಸ್ಪೀಕರ್‌ನ ಉದ್ದ ವೈರು ಆಂಟೆನಾ ಥರ ಕೆಲಸ ಮಾಡ್ತಿತ್ತು. ಕಾನೂನು ಮಾತಾಡಿದ್ರೆ ಗೆಲ್ತಿದ್ದೆನೇನೋ, ಟೆರೇಸ್ ಬೀಗದ ಕೈ ಮಾತ್ರ ಸಿಗ್ತಿರಲಿಲ್ಲ.

"ಟೀಚರ್, ಹತ್ತು ನಿಮಿಷ ಟೈಮ್ ಕೊಡಿ" ಅಂತ ಹೋಗಿ, ಸ್ಪೀಕರ್ ವೈರನ್ನ ಫೆರೈಟ್ ರಿಂಗ್‌ಗೆ ಏಳು ಸುತ್ತು ಸುತ್ತಿದೆ. ಮೇಲೆ ಬಂದು ಮಾತಾಡಿ, ಫೋನಲ್ಲಿ ಕೇಳಿದೆ. "ಈಗ ಸ್ವಲ್ಪ ಕಮ್ಮಿ ಕಣಪ್ಪ." ಪವರ್ ವೈರಿಗೂ ಒಂದು ರಿಂಗ್ ಹಾಕಿದ ಮೇಲೆ ಪೂರ್ತಿ ನಿಂತಿತು.

ಮೀಟಿಂಗ್‌ನಲ್ಲಿ ಒಬ್ಬ ಅಂಕಲ್, "ಮೊಬೈಲ್ ಇರೋ ಕಾಲದಲ್ಲಿ ಇದೆಲ್ಲ ಯಾಕ್ರೀ?" ಅಂದ್ರು. 2004ರ ಡಿಸೆಂಬರ್ ಸುನಾಮಿಯ ಕಥೆ ಹೇಳಿದೆ. ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಆಗ ಪೋರ್ಟ್ ಬ್ಲೇರ್‌ನಲ್ಲೇ ಇತ್ತು. ಫೋನ್ ಸತ್ತಿದ್ದ ಹೊತ್ತಲ್ಲಿ ಅಂಡಮಾನ್‌ನ ಸುದ್ದಿ ಆಚೆ ತಲುಪಿಸಿದ್ದು ಅವರ ಸೆಟ್‌ಗಳು. ಅಂಕಲ್ ತಲೆ ಅಲ್ಲಾಡಿಸಿದ್ರು, ಒಪ್ಪಿದ್ರೋ ಇಲ್ವೋ ಗೊತ್ತಾಗಲಿಲ್ಲ. ಟೀಚರ್ ಮಾತ್ರ "ನಂಗೇನೂ ತೊಂದ್ರೆ ಇಲ್ಲ, ಇರ್ಲಿ ಬಿಡಿ" ಅಂದ್ರು. ಆಂಟೆನಾ ಉಳೀತು, ಆರು ತಿಂಗಳ ಮಟ್ಟಿಗೆ.

ಉಳಿದರ್ಧ ಸದ್ದು ಇನ್ನೂ ಸಿಕ್ಕಿಲ್ಲ. ಲಿಫ್ಟ್ ಓಡಿದಾಗ ಜಾಸ್ತಿ ಆಗುತ್ತೆ ಅನ್ನೋದಷ್ಟೇ ಸುಳಿವು. ಈ ಶನಿವಾರ ಲಿಫ್ಟ್ ಸರ್ವೀಸ್‌ಗೆ ನಿಲ್ಲಿಸ್ತಾರಂತೆ, ರೇಡಿಯೋ ಹಿಡಿದು ಕಾಯ್ತಾ ಇರ್ತೀನಿ.