ವರದಿಯಲ್ಲಿದ್ದ ಒಂದು ಅಂಕಿ

ಮಗಳ ಬಾಣಂತನಕ್ಕೆಂದು ಹಾಸನದಿಂದ ಹ್ಯೂಸ್ಟನ್‌ಗೆ ಬಂದಿದ್ದ ತಾಯಿಯೊಬ್ಬರ ಕಣ್ಣುಗಳು ಹಳದಿಯಾದವು. ಬರಿಯ ಕಾಮಾಲೆಯೆಂದು ಭಾವಿಸಿದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಯಕೃತ್ತಿಗೂ ಹರಡಿತ್ತು. “ಡಾಕ್ಟ್ರೇ, ನಾಲ್ಕನೇ ಹಂತವಂತೆ. ಅಮ್ಮನನ್ನು ಊರಿಗೇ ಕರೆದುಕೊಂಡು ಹೋಗಿಬಿಡಲೇ?” ಎಂದು ಮಗಳು ರಾತ್ರಿ ಫೋನಿನಲ್ಲಿ ಕೇಳಿದಾಗ, ಬಳಗದ ಆರೋಗ್ಯ ಸ್ವಯಂಸೇವಕರಾದ ನಾವು ಹೌದೆನ್ನುವುದರಲ್ಲಿದ್ದೆವು.

ಎಂ.ಬಿ.ಬಿ.ಎಸ್. ಓದುವಾಗ ನಾವು ಕಲಿತದ್ದೇ ಹಾಗೆ. ಹರಡಿದ ಮೇಲೆ ಕೀಮೋಥೆರಪಿಯೊಂದೇ ಗತಿ. ವಿಕಿರಣವೇನಿದ್ದರೂ ನೋವಿನ ಶಮನಕ್ಕೆ. 2011ರಲ್ಲಿ ಫೋಲ್ಫಿರಿನಾಕ್ಸ್ ಎಂಬ ಔಷಧಗಳ ಜೋಡಣೆಯು ಬದುಕಿನ ಮಧ್ಯಾಂಕ ಅವಧಿಯನ್ನು 6.8 ತಿಂಗಳಿನಿಂದ 11.1ಕ್ಕೆ ಏರಿಸಿದ್ದೇ ದೊಡ್ಡ ಸುದ್ದಿಯಾಗಿತ್ತು.

ಆದರೂ ವರದಿಯನ್ನು ಕಳುಹಿಸಲು ಹೇಳಿದೆವು. ಯಕೃತ್ತಿನಲ್ಲಿದ್ದ ಗಂಟುಗಳು 3 ಮಾತ್ರ. ಆ ಅಂಕಿ ನಮ್ಮನ್ನು ತಡೆಯಿತು. ಇದೇ ಊರಿನ ಎಂ.ಡಿ. ಆಂಡರ್ಸನ್ ಕೇಂದ್ರದವರ ನೇತೃತ್ವದಲ್ಲಿ ನಡೆದು 2024ರಲ್ಲಿ ಪ್ರಕಟವಾದ ‘ಎಕ್ಸ್‌ಟೆಂಡ್’ ಅಧ್ಯಯನದಲ್ಲಿ, 5ಕ್ಕಿಂತ ಹೆಚ್ಚು ಗಂಟುಗಳು ಹರಡಿಲ್ಲದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದ್ದರು. ಕೀಮೋ ಮಾತ್ರ ಪಡೆದವರಲ್ಲಿ ರೋಗ ಮುಂದುವರಿಯದೆ ನಿಂತ ಮಧ್ಯಾಂಕ ಅವಧಿ 2.5 ತಿಂಗಳು, ಗಂಟುಗಳಿಗೆ ನಿಖರ ವಿಕಿರಣವನ್ನೂ ಪಡೆದವರಲ್ಲಿ 10.3 ತಿಂಗಳು. ಭಾಗವಹಿಸಿದವರು ಸುಮಾರು 40 ಮಂದಿಯಷ್ಟೇ. ರೋಗ ಗುಣವಾಗುವ ಮಾತಂತೂ ಅಲ್ಲವೆಂದು ಮಗಳಿಗೆ ಎರಡೆರಡು ಬಾರಿ ಹೇಳಿ, ಕ್ಯಾನ್ಸರ್ ತಜ್ಞರಲ್ಲಿ ಈ ಒಂದು ಪ್ರಶ್ನೆಯನ್ನು ಕೇಳಿ ನೋಡಿರೆಂದೆವು.

ತಜ್ಞರು ಒಪ್ಪಿದರು. ಪಿತ್ತನಾಳಕ್ಕೆ ಸ್ಟೆಂಟ್ ಹಾಕಿ, ನಾಲ್ಕು ತಿಂಗಳು ಕೀಮೋ ಕೊಟ್ಟು, ಹೊಸ ಗಂಟುಗಳು ಹುಟ್ಟಲಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ವಿಕಿರಣ. ಈ ಗ್ರಂಥಿಗೆ ಸಣ್ಣ ಕರುಳು ಅಂಟಿಕೊಂಡೇ ಇದೆ. ಉಸಿರಾಡಿದಂತೆಲ್ಲ ಎರಡೂ ಮೇಲೆ ಕೆಳಗೆ ಸರಿಯುತ್ತವೆ. ಆದ್ದರಿಂದ ಪ್ರತಿ ಸಲವೂ ಚಿತ್ರ ತೆಗೆದು, ಉಸಿರು ಹಿಡಿಯಲು ಹೇಳಿ, ಮಿಲಿಮೀಟರುಗಳ ಲೆಕ್ಕದಲ್ಲಿ ಕಿರಣದ ಗುರಿಯಿಡುತ್ತಾರೆ. ಹಿಂದೆ ವಾರಗಟ್ಟಲೆ ಸಾಗುತ್ತಿದ್ದ ಚಿಕಿತ್ಸೆ ಅವರಿಗೆ 5 ಸಲಕ್ಕೆ ಮುಗಿಯಿತು. “ಪ್ರಾಣಾಯಾಮ ಮಾಡಿಸಿ ಕಳಿಸಿದ ಹಾಗಿತ್ತಪ್ಪ” ಎಂದರು ಆ ತಾಯಿ. ಕೀಮೋದ ವಾಂತಿ, ಬೆರಳ ತುದಿಯ ಜೋಮುಗಳ ಬಗ್ಗೆ ಮಾತ್ರ ಅವರಿಗೆ ಅಷ್ಟು ಹಗುರವಾಗಿ ಮಾತನಾಡಲಾಗಲಿಲ್ಲ. ಮೊಮ್ಮಗನ ಅನ್ನಪ್ರಾಶನದ ದಿನ ಪಾಯಸವನ್ನು ಅವರೇ ಕುಳಿತು ಮಾಡಿಸಿದರು. ತಾವು ಒಂದು ಚಮಚ ತಿಂದರು.

ಮರುತಿಂಗಳು ಇನ್ನೊಂದು ಕುಟುಂಬ, ಇವರ ಸುದ್ದಿ ಕೇಳಿಯೇ, ನಮಗೆ ಫೋನ್ ಮಾಡಿತು. ಅವರ ತಂದೆಯ ವರದಿಯಲ್ಲಿ ಗಂಟುಗಳು ಎಣಿಕೆಗೆ ಸಿಗುವಂತಿರಲಿಲ್ಲ. ಈ ದಾರಿ ಅವರಿಗಲ್ಲವೆಂದು ತಜ್ಞರು ಹೇಳಿದ್ದನ್ನೇ ನಾವೂ ಹೇಳಬೇಕಾಯಿತು. ಬೆಂಗಳೂರಿಗೆ ಗಾಲಿಕುರ್ಚಿಯ ಸೌಕರ್ಯವಿರುವ ಟಿಕೆಟ್ ಹುಡುಕಲು ಆ ಸಂಜೆ ಅವರೊಡನೆ ಕುಳಿತೆವು.